ಮೀಠ

ಆಲಮೇಲ ಬಿಟ್ಟು ಸೊಲ್ಲಾಪುರಕ್ಕ ಬಂದು
ಇನ್ನೂ ಮೂರು ತಿಂಗಳಾಗಿರಲಿಲ್ಲ.
ಅತ್ತಿ ನೀಲಗಂಗವ್ವನ ಖಾನಾವಳಿಯೊಳಗ
ರೊಟ್ಟಿ ಬಡಿಯೂದು ನನ್ನ ಪಾಲು,
ಡಬ್ಬಿ ತುಂಬೂದೂ ನನ್ನ ಪಾಲು.
ಹನ್ನೊಂದು ಡಬ್ಬಿ ಮಗ್ಗದ ಮಂದಿಗೆ,
ಆರು ಸಿವಿಲ್ ದವಾಖಾನಿಗೆ.

ತಿರುಗಿ ಬಂದ ಡಬ್ಬಿ ಓದೂದು
ಅತ್ತಿ ಕಲಿಸಿದ ವಿದ್ಯಾ:
ರೊಟ್ಟಿಯ ಅಂಚು ಉಳಿದಿದ್ರ ಹಲ್ಲಿಲ್ಲ,
ಅನ್ನದ ಮ್ಯಾಲ ಬರೇ ಬೆರಳಿನ ಗುರುತಿದ್ರ ಜ್ವರ ಬಿಟ್ಟಿಲ್ಲ,
ತೊಳದು ಕಳಿಸಿದ್ರ
ಮನಿಗೆ ಹೋಗೂ ದಿನ ಹತ್ತರ ಬಂತು.
ಡಾಕ್ಟರು ನಾಡಿ ಹಿಡೀತಾರ,
ನಾವು ಎಂಜಲ ಹಿಡೀತೀವಿ.

ಹದಿನಾಲ್ಕನೇ ಖಾಟು, ಶಿವಶರಣಪ್ಪ ಮೈಂದರಗಿ.
ಚಾದರ ನೇದು ನೇದು ಬೆನ್ನು ಬಿಲ್ಲಾದಾಂವ.
ಅತ್ತಿ ಬಜಾರಕ್ಕ ಹೋದಾಗ ವಾರ್ಡಿನ ಹುಡುಗ
ಸೈಕಲ್ ಮ್ಯಾಲಿಂದ ಇಳೀದನ ಒದರಿ ಹೋದ:
"ಚೌದಾ ನಂಬರ್, ಮೀಠ ಬಂದ್!"

ಮೀಠ ಅಂದ್ರ ಮಿಠಾಯಿಯ ಬಳಗ ಅಂದ್ಕೊಂಡೆ.
ಬಸ್ ಸ್ಟ್ಯಾಂಡಿನಾಗ ಮೀಠಾ ಪಾನ ಅಂತ
ಕೂಗೂದು ಕೇಳಿದ್ದೆ, ಅಷ್ಟ ನನ್ನ ಸಾಲಿ.
ಪಾಪ, ಸಕ್ಕರಿ ಬ್ಯಾನಿ ಅಂತ
ಸಾರಿಗೆ ಬೆಲ್ಲದ ಚೂರು ಬಿಟ್ಟೆ, ಸಜ್ಜಕ ಬಿಟ್ಟೆ.
ಮುದುಕನ ಬಾಯಿ ಕೆಡಬಾರದು ನೋಡ್ರಿ,
ಅದಕ್ಕ ಒಂದು ಚಮಚ ಶೇಂಗಾ ಹಿಂಡಿ ಹೆಚ್ಚಿಗಿ,
ಕರದ ಮಜ್ಜಗಿ ಮೆಣಸಿನಕಾಯಿ ಎರಡು,
ಎಲಿ ತುಂಡಿನ ಮ್ಯಾಲ ಮಾವಿನ ಉಪ್ಪಿನಕಾಯಿ.

ಎಂಟು ದಿನ ಡಬ್ಬಿ ಕನ್ನಡಿಯಂಗ ಬಂತು.
ಹಿಗ್ಗಿದೆ. ಅತ್ತಿಗೆ ತೋರಿಸಿದೆ.

ಒಂಬತ್ತನೇ ದಿನ ಡಬ್ಬಿ ಬರಲಿಲ್ಲ,
ಅವನ ಹೆಂಡತಿ ಬಂದಳು.
"ಕಾಲು ಬಾತಾವ. ಬೆರಳು ಒತ್ತಿದ್ರ ಕುಣಿ ಬೀಳತೈತಿ.
ರಾತ್ರಿ ಮಲಗಿದ್ರ ಉಸಿರು ಹತ್ತವಲ್ದು.
ಉಪ್ಪು ಹಾಕಬ್ಯಾಡ ಅಂತ ಹೇಳಿ ಕಳಿಸಿದ್ವೆಲ್ಲ,
ಆ ಹುಡುಗ ಹೇಳಲಿಲ್ಲೇನ?"

ಅತ್ತಿ ನನ್ನ ಕಡೆ ನೋಡಲಿಲ್ಲ.
ಹಂಚಿನ ಮ್ಯಾಲ ಸೀಯೂ ರೊಟ್ಟಿ ತಿರುವಿ ಹಾಕಿ
ಮೆಲ್ಲಕ ಅಂದಳು:
"ಮರಾಠಿಯೊಳಗ ಮೀಠ ಅಂದ್ರ ಉಪ್ಪು."

ಊಟ ಬಲ್ಲವಗ ರೋಗಿಲ್ಲ, ಮಾತು ಬಲ್ಲವಗ ಜಗಳಿಲ್ಲ,
ಸಣ್ಣಾಕಿದ್ದಾಗ ಗಿಣಿಯಂಗ ಒಪ್ಪಿಸಿದ ಗಾದಿ.
ಎರಡೂ ಬ್ಯಾರೆ ಬ್ಯಾರೆ ಅಂತ ತಿಳದಿದ್ದೆ.
ಊಟ ಬಲ್ಲೆ ನಾನು.
ಮಾತು ಬರಲಿಲ್ಲ, ರೋಗ ಬಂತು.

ಸಂಜಿಕ ನಾನ ಹೋದೆ, ಬರೇ ಕೈಲೆ.
ದಿಂಬಿನ ಮ್ಯಾಲ ಕಾಲು, ಮೂಗಿಗೆ ನಳಿಗಿ.
ಕ್ಷಮಾ ಕೇಳೂಕಿಂತ ಮೊದಲ ಕಣ್ಣು ಹೊಡದ ಮುದುಕ:
"ನಲವತ್ತು ವರ್ಷ ಈ ಊರಾಗ ಮಗ್ಗ ಬಡದೀನಿ ತಂಗಿ,
ಮೀಠ ಅಂದ್ರೇನು ನನಗ ಗೊತ್ತಿಲ್ಲೇನು?
ಒಂದು ಚಮಚ ಹಿಂಡಿ ಏನು ಮಾಡೀತು ಅಂದೆ.
ಎಂಟು ಚಮಚ ಆದವು."
ನಗಬೇಕೋ ಬೈಬೇಕೋ ತಿಳೀಲಿಲ್ಲ.
ನಮ್ಮ ಮನಿ ಉಪ್ಪು ಉಂಡಾಂವ,
ಎರಡು ಬಗೀಲಿಲ್ಲ, ನನ್ನ ಹೆಸರು ಯಾರಿಗೂ ಹೇಳಿರಲಿಲ್ಲ.

ಮರುದಿನ ಶೇಂಗಾ ಇನ್ನಷ್ಟು ಹುರಿದೆ,
ಕರಕಾಗೂ ಅಂಚಿನ ತನಕ.
ಬೆಳ್ಳುಳ್ಳಿ ಕೆಂಡದಾಗ ಸುಟ್ಟೆ, ಲಿಂಬಿ ಹಿಂಡಿದೆ,
ಅಜವಾನ ಅಂಗೈಯಾಗ ತಿಕ್ಕಿ ಉದುರಿಸಿದೆ.
ಉಪ್ಪಿನ ಗಡಿಗಿ ಮಾಡದೊಳಗ.
ಮೊದಲು ನಾನ ಉಂಡೆ.
ನಾಲ್ಕು ದಿನ ನಾಲಿಗಿ ತಡಕ್ಯಾಡಿತು
ಕತ್ತಲಾಗ ಚಪ್ಪಲಿ ಹುಡುಕಿದಂಗ.
ಐದನೇ ದಿನ ರೊಟ್ಟಿಯ ಚೂರು ಅಗಿಯೂದರಾಗ
ಜ್ವಾಳದ ಸಿಹಿ ಹತ್ತಿತು. ಬರೇ ಜ್ವಾಳದ್ದು.
ಅವನಿಗೂ ಹತ್ತಿತೋ ಇಲ್ಲೋ,
ಡಬ್ಬಿ ಮಾತ್ರ ಅರ್ಧ ತುಂಬಿ ತಿರುಗಿ ಬಂತು.
ಅತ್ತಿ ಮುಚ್ಚಳ ತೆಗೆದು ನೋಡಿ
"ಚಲೋ ಆತು" ಅಂದಳು,
"ಈಗ ಔಷಧದಂಗ ಉಣ್ಣಾಕತ್ತಾನ."

ಹದಿನಾರು ದಿನಕ್ಕ ಮೈಂದರಗಿಯವರು ಮನಿಗೆ ಹೋದರು.
ಆಮ್ಯಾಲಿನ ಸುದ್ದಿ ಗೊತ್ತಿಲ್ಲ.
ಒಲಿಯ ಹಿಂದಿನ ಗ್ವಾಡಿಗೆ ಇದ್ದಲಿಲೆ ಬರದೀನಿ:
ಮೀಠ ಉಪ್ಪು. ಸಾಖರ ಸಕ್ಕರಿ. ತೇಲ ಎಣ್ಣಿ.
ದೀಪಾವಳಿಗೆ ಅತ್ತಿ ಸುಣ್ಣ ಬಳದಳು,
ಅಷ್ಟ ಜಾಗ ಬಿಟ್ಟು.